ಗಡ್ಡೆ ತಿಂದು ಹೂ ಹುಡುಕಿದ್ದು

ಜಂಬ ಕೊಚ್ಚಿಕೊಳ್ಳುವ ಚಟ ನನಗೆ ಚಿಕ್ಕಂದಿನಿಂದಲೂ ಇತ್ತು. ಆಗ ಎರಡನೇ ಮಹಾಯುದ್ಧದ ಕಾಲ. ಕೋಲಾರದ ಹೈಸ್ಕೂಲಿನಲ್ಲಿ ಕೊನೆಯ ವರ್ಷ ಓದುತ್ತಿದ್ದೆ. ಆ ವರ್ಷವೇ ನಿವೃತ್ತರಾಗಲಿದ್ದ ವಿಜ್ಞಾನದ ಮೇಷ್ಟ್ರು ಒಂದು ಕಾಡುಹೂವಿನ ಚಿತ್ರ ತೋರಿಸಿ, "ನಮ್ಮ ಸೀಮೆ ಬೆಟ್ಟಗಳಲ್ಲೇ ಇದೆಯಂತೆ. ಇಷ್ಟು ವರ್ಷ ಹುಡುಕಿದೆ, ಜೀವಂತ ನೋಡೋ ಭಾಗ್ಯ ಬರಲಿಲ್ಲ" ಎಂದರು. ಬುಡದಲ್ಲಿ ಉಬ್ಬಿ, ಮೇಲೆ ಕೊಳವೆಯಾಗಿ, ತುದಿಯಲ್ಲಿ ಎಸಳುಗಳು ಕೂಡಿಕೊಂಡು, ಪುಟ್ಟ ಲಾಟೀನಿನಂತಿತ್ತು ಆ ಹೂ. ನಾನು ಎದ್ದು ನಿಂತು, "ರಾಯಲ್ಪಾಡಿನ ನಮ್ಮ ಬೆಟ್ಟದಲ್ಲಿ ರಾಶಿ ಇದೆ ಸಾರ್. ದಸರಾ ರಜಕ್ಕೆ ಹೋದಾಗ ತರ್ತೀನಿ" ಎಂದುಬಿಟ್ಟೆ. ಮೇಷ್ಟ್ರ ಮುಖ ಅರಳಿತು. ನಿಜಕ್ಕೂ ಆ ಹೂವನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ.

ಊರಿಗೆ ಹೋದವನೇ, ನಕಲು ಮಾಡಿಕೊಂಡಿದ್ದ ಚಿತ್ರವನ್ನು ಅಜ್ಜಿಯ ಮುಂದೆ ಹಿಡಿದೆ. ಹುಡುಗಿಯಾಗಿದ್ದಾಗಿನಿಂದ ಆ ಬೆಟ್ಟದಲ್ಲಿ ಮೇಕೆ ಮೇಯಿಸಿದವಳು ಆಕೆ.

"ಇಂಥದ್ದು ನಮ್ಮ ಬೆಟ್ಟದಾಗೆ ಇಲ್ವೇ ಇಲ್ಲ ಕಣೋ" ಎಂದಳು.

ಎರಡು ದಿನ ಒಬ್ಬನೇ ಅಲೆದೆ. ಮುಳ್ಳು ಗೀರಿದ್ದೇ ಲಾಭ. ಮೂರನೆಯ ದಿನ ಅಜ್ಜಿಯೇ ಕನಿಕರಪಟ್ಟು ರಾಗಿರೊಟ್ಟಿ ಕಟ್ಟಿಕೊಂಡು ಜೊತೆಗೆ ಬಂದಳು. ತಿಂದ ಮೇಲೆ ನನಗೆ ವಿಪರೀತ ಬಾಯಾರಿಕೆ. ಆಕೆ ಒಂದು ಪೊದೆಯ ಬುಡದಲ್ಲಿದ್ದ ತೆಳ್ಳನೆಯ ಬಳ್ಳಿ ನೋಡಿ, ಕೋಲಿನಿಂದ ಕೆದಕಿ ಗಡ್ಡೆ ಕಿತ್ತು, ಸೆರಗಿಗೆ ಮಣ್ಣೊರೆಸಿ ಕೊಟ್ಟಳು. "ತಿನ್ರಾ ನಾಯ್ನಾ, ದಾಹ ಅಡಗುತ್ತೆ" ಎಂದಳು; ಮುದ್ದು ಬಂದಾಗ ಅವಳ ಮಾತಿಗೆ ತೆಲುಗು ಬೆರೆಯುತ್ತಿತ್ತು.

ದನ, ಮೇಕೆ ಕಾಯುವವರೆಲ್ಲ ತಿನ್ನುವ ಗಡ್ಡೆ ಅದು. ಸೌತೆಕಾಯಿಯ ಹಾಗೆ ನೀರು ನೀರು. ಅಗಿಯುತ್ತಾ, ಸುಮ್ಮನೆ ಆ ಬಳ್ಳಿಯನ್ನು ಪೊದೆಯೊಳಗೆ ಕಣ್ಣಲ್ಲೇ ಹಿಂಬಾಲಿಸಿದೆ. ತುದಿಯಲ್ಲಿ ಒಂದೇ ಒಂದು ಲಾಟೀನು ತೂಗುತ್ತಿತ್ತು.

ಅಜ್ಜಿ ಹೂ ನೋಡಿದಳು, ಕಾಗದ ನೋಡಿದಳು, ನನ್ನ ಕೈಯಲ್ಲಿ ಉಳಿದಿದ್ದ ಅರ್ಧ ಗಡ್ಡೆ ನೋಡಿದಳು.

"ಅಯ್ಯಯ್ಯೋ, ಇದ್ರಲ್ಲಿ ಹೂವೂ ಬರುತ್ತಾ? ಎಲೆ ಕಂಡ ತಕ್ಷಣ ಅಗೆದು ತಿಂತೀವಲ್ಲೋ, ಹೂ ಬರೋಗಂಟ ಯಾರು ಕಾದಿದ್ದಾರೆ!"

ನಕ್ಕು ನಕ್ಕು ನನಗೆ ನೆತ್ತಿಗೇರಿತು.

ಹೂವನ್ನು ಪುಸ್ತಕದ ನಡುವೆ ಒತ್ತಿಟ್ಟು, ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಕೆಮ್ಮುತ್ತಾ ಕೋಲಾರಕ್ಕೆ ಒಯ್ದೆ. ಕ್ಲಾಸಿನಲ್ಲಿ ಎಲ್ಲರೆದುರು ನಡೆದದ್ದನ್ನು ಹೇಳಿದೆ.

"ಗಡ್ಡೆ ಹೇಗಿತ್ತೋ?" ಮೇಷ್ಟ್ರು ಕೇಳಿದರು.

"ರುಚಿಯಾಗಿತ್ತು ಸಾರ್."

ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಆಮೇಲೆ, "ಒಣಗಿದ್ದಾದ್ರೂ ಸಿಕ್ತಲ್ಲ, ಬಿಡು" ಎಂದರು. ಆ ಮಾತು ನನ್ನನ್ನು ಚುಚ್ಚಿತು. ಊರಿಗೆ ಹೋದಾಗ ಅಜ್ಜಿಗೂ ಹೇಳಿದೆ.

ಮರುವರ್ಷ ಮಳೆ ಹಿಡಿದ ಮೇಲೆ ಅಜ್ಜಿ ಹೇಳಿ ಕಳಿಸಿದಳು: ಮೇಷ್ಟ್ರನ್ನು ಕರೆದುಕೊಂಡು ಬಾ. ನಿವೃತ್ತರಾಗಿದ್ದ ಮೇಷ್ಟ್ರು ಕೊಡೆ ಊರಿಕೊಂಡು ಏದುಸಿರು ಬಿಡುತ್ತಾ ಬೆಟ್ಟ ಹತ್ತಿದರು. ನಮ್ಮ ಹಿತ್ತಿಲಲ್ಲಿ ಬೀಜಕ್ಕೆಂದು ಉಳಿಸಿದ ಹೀರೇಕಾಯಿಗೆ ಬಟ್ಟೆಯ ಚೂರು ಕಟ್ಟುತ್ತೇವೆ; ಕಟ್ಟಿದ್ದನ್ನು ಯಾರೂ ಮುಟ್ಟುವುದಿಲ್ಲ. ಅಜ್ಜಿ ಬೆಟ್ಟದಲ್ಲಿ ಅದೇ ಜಾತಿಯ ಇನ್ನೊಂದು ಬಳ್ಳಿಗೂ ತನ್ನ ಹಳೇ ಸೀರೆಯ ಕೆಂಪು ಅಂಚು ಹರಿದು ಕಟ್ಟಿದ್ದಳು. ಗಡ್ಡೆ ಅಗೆಯುವ ಒಬ್ಬರೂ ಅದರ ತಂಟೆಗೆ ಹೋಗಿರಲಿಲ್ಲ. ಬಳ್ಳಿಯ ತುಂಬ ಲಾಟೀನುಗಳು.

ಮೇಷ್ಟ್ರು ನೆಲದ ಮೇಲೆ ಕೂತೇಬಿಟ್ಟರು. ಕಣ್ಣು ತುಂಬಿತ್ತು. ಮೆಲ್ಲಗೆ ಒಂದು ಹೂವಿಗೆ ಕೈ ಚಾಚಿದರು.

"ಕೀಳಬೇಡಿ ಸ್ವಾಮಿ," ಅಜ್ಜಿ ಗದರಿದಳು, "ಅದು ಬೀಜಕ್ಕೆ ಇಟ್ಟಿರೋದು."

ನಮ್ಮನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟ್ರು ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡರು.