ಖುದ್ದೂಸ್ ಕೊರೆದ ದೀಪದ ಗೂಡು

ಕಲ್ಲಿನ ಮೇಲೆ ಚಿತ್ರ ಬೇಕೆಂದು ಯಾರೇ ಬರಲಿ, ಖುದ್ದೂಸ್ ಮೊದಲು ಕೇಳುತ್ತಿದ್ದುದು ಒಂದೇ ಮಾತು: "ನಿಮ್ಮ ಕಿಟಕಿ ಯಾವ ಕಡೆ ಐತೆ?"

ತಣಿಸಂದ್ರದ ಅವನ ಅಂಗಡಿ ನಡೆಯುತ್ತಿದ್ದುದು ಮನೆಗಳ ಹೆಸರು ಕೆತ್ತಿ. ಜೀವ ಮಾತ್ರ ಚಿತ್ರಗಳಲ್ಲಿತ್ತು. ಹೊಳಪಿನ ಕರಿಕಲ್ಲಿನ ಮೇಲೆ ಮೊನೆಯುಳಿಯಿಂದ ಚುಕ್ಕೆ ಇಡುತ್ತಾ ಹೋಗುತ್ತಿದ್ದ. ಒತ್ತಾಗಿ ಬಿದ್ದಲ್ಲಿ ಬೆಳಕು, ಬಿಟ್ಟಲ್ಲಿ ನೆರಳು. ಚಪ್ಪಟೆ ಕಲ್ಲಿನಲ್ಲಿ ಗೇಣುದ್ದ ಆಳ ಕಾಣುತ್ತಿತ್ತು. ಚಿತ್ರದ ನೆರಳು ಮನೆಯ ಬೆಳಕಿಗೆ ಹೊಂದದಿದ್ದರೆ ಆ ಆಳ ನಿಲ್ಲದು. ಅದಕ್ಕೇ ಆ ಪ್ರಶ್ನೆ.

ಅಮೃತಹಳ್ಳಿಯ ಲಕ್ಕಮ್ಮನ ಮಣ್ಣಿನ ಮನೆ ಕೆಡವಿ ಮಗ ಗಿರಿ ಮೂರಂತಸ್ತು ಕಟ್ಟಿಸಿದ. ಅತ್ತೆಯ ಕಾಲದಿಂದ ದೀಪ ಇಡುತ್ತಿದ್ದ ಗೂಡು ಹೋಯಿತೆಂಬುದೇ ಆಕೆಯ ಕೊರಗು. ನಾಲ್ಕಿಂಚಿನ ಹೊಸ ಗೋಡೆಯಲ್ಲಿ ಗೂಡು ತೋಡುವಂತಿರಲಿಲ್ಲ; ಅದರ ಚಿತ್ರವನ್ನಾದರೂ ಕಲ್ಲಿನಲ್ಲಿ ಕೊರೆಸೋಣವೆಂದು ಖುದ್ದೂಸನಲ್ಲಿಗೆ ಬಂದಳು.

"ಅಂಗೇ ಕಾಣ್ಬೇಕು ಸಾಬ್ರೇ. ಮಸಿ ಹಿಡ್ದಿತ್ತಲ್ಲ, ಅದೂ," ಎಂದಳು.

ಖುದ್ದೂಸ್ ಆ ಮನೆಯಲ್ಲಿ ಒಂದು ಬೆಳಗು ಪೂರ್ತಿ ಕೂತು ಬೆಳಕು ನೋಡಿಕೊಂಡು ಬಂದ. ಆರು ವಾರ ಕೊರೆದ. ಮುಗಿಯುವ ಹೊತ್ತಿಗೆ ಕೆಮ್ಮು ಹೆಚ್ಚಾಗಿ ಆಸ್ಪತ್ರೆ ಸೇರಿದ. ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ, ಇನ್ನು ಉಳಿ ಮುಟ್ಟಬೇಡಿ ಎಂದರು ಡಾಕ್ಟರು.

ಅಷ್ಟರಲ್ಲಿ ವಾಸ್ತುವಿನವರ ಮಾತು ಕೇಳಿ ಗಿರಿ ಕಲ್ಲನ್ನು ಖುದ್ದೂಸ್ ನೋಡಿಟ್ಟ ಗೋಡೆ ಬಿಟ್ಟು ಎದುರು ಗೋಡೆಗೆ ಕೂಡಿಸಿಬಿಟ್ಟಿದ್ದ. ಎಡದಿಂದ ಬೀಳಬೇಕಾದ ಬೆಳಕು ಈಗ ಬಲದಿಂದ ಬೀಳುತ್ತಿತ್ತು. ಒಳಕ್ಕೆ ಹೋಗಬೇಕಾದ ಗೂಡು ಹೊರಕ್ಕೆ ಉಬ್ಬಿತ್ತು.

"ಗೋಡೆಗೆ ಡಬ್ಬ ಅಂಟಿಸ್ದಂಗೈತೆ," ಎಂದಳು ಲಕ್ಕಮ್ಮ, ಮೆಲ್ಲಗೆ.

"ಮೆಷಿನ್‌ಗೆ ಕೊಟ್ಟಿದ್ರೆ ಎರಡು ಗಂಟೆ ಕೆಲ್ಸ. ನಾನು ಆವತ್ತೇ ಬಡ್ಕೊಂಡೆ," ಎಂದ ಗಿರಿ.

ಆಸ್ಪತ್ರೆಯಿಂದ ಬಂದಿದ್ದ ಖುದ್ದೂಸ್ ಕಿಟಕಿಗೆ ಟವೆಲ್ ಅಡ್ಡ ಹಿಡಿಯಲು ಹೇಳಿ, ಎಡಗಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟ. ಡಬ್ಬ ಗೋಡೆಯೊಳಗೆ ಇಳಿದು ಗೂಡಾಯಿತು. ಆದರೆ ಗೋಡೆ ಬದಲಿಸಲು ಕಲ್ಲನ್ನು ಕಿತ್ತರೆ ಒಡೆಯುತ್ತಿತ್ತು.

"ಈ ಬೆಳಕಿಗೆ ಹೊಂದೋಹಂಗೆ ಇನ್ನೊಂದು ಕೊರೀತೀನಿ ಅಮ್ಮ," ಎಂದ ಖುದ್ದೂಸ್.

ಪಕ್ಕದ ಜೆರಾಕ್ಸ್ ಅಂಗಡಿಯ ಅನಂತರಾಜು ಮೂವತ್ತು ವರ್ಷದ ಗೆಳೆಯ. ಕೇಳಿ ರೇಗಿದ. "ಡಾಕ್ಟ್ರು ಏನ್ ಹೇಳಿದ್ರು ಗುರು? ತಪ್ಪು ನಿಂದಾ?"

"ನನ್ ಕೆಲ್ಸಾನೇ ಸುಳ್ಳು ಹೇಳೋದು ಕಣೋ ರಾಜು. ನೆಟ್ಟಗೆ ಹೇಳ್ಬೇಕಲ್ಲ."

ಅನಂತರಾಜು ದಿನಾ ಕಲ್ಲಿನ ಮೇಲೆ ನೀರು ಚಿಮುಕಿಸಿ ಧೂಳು ಏಳದಂತೆ ನೋಡಿಕೊಂಡ. ಹತ್ತು ಚುಕ್ಕೆಗೊಮ್ಮೆ ಖುದ್ದೂಸ್ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಿದ್ದ. ಮೂರು ತಿಂಗಳು ಹಿಡಿಯಿತು. ಗೂಡಿನ ಮೇಲಂಚಿನ ಮಸಿಗೆಂದೇ ಒಂದು ವಾರ.

ಹಳೆಯದರ ಮೇಲೇ ಹೊಸದನ್ನು ಕೂಡಿಸಿದರು. ಲಕ್ಕಮ್ಮ ಒಲೆ ಹಚ್ಚಿ ಬಂದವಳು ಮಾತಾಡುತ್ತಲೇ ಬೆಂಕಿಪೊಟ್ಟಣವನ್ನು ಗೂಡಿನಲ್ಲಿಡಲು ಹೋದಳು. ಅದು ಕಲ್ಲಿಗೆ ಬಡಿದು ಕೆಳಗೆ ಬಿತ್ತು. ಆಕೆ ತನ್ನ ಕೈಯನ್ನೇ ನೋಡಿಕೊಂಡಳು. ಖುದ್ದೂಸ್ ಕೆಮ್ಮು ಬರುವಷ್ಟು ನಕ್ಕ.

ಶ್ರಾವಣದಲ್ಲಿ ಅವನು ತೀರಿಕೊಂಡ. ಗೋರಿಗೆ ಕಲ್ಲು ಬೇಡವೆಂದಿದ್ದ. ಮಣ್ಣಷ್ಟೇ ಇದೆ.

ಮೊನ್ನೆ ಗಿರಿ ಆ ಗೋಡೆಯ ಎಡಕ್ಕೊಂದು ಎಲ್‌ಇಡಿ ದೀಪ ಹಾಕಿಸಲು ಎಲೆಕ್ಟ್ರಿಷಿಯನ್ ಕರೆತಂದಿದ್ದ. ಲಕ್ಕಮ್ಮ ಏಣಿ ಹಿಡಿದು ನಿಂತಳು.

"ಆ ಕಡೆ ಬೇಡ ಕಣಪ್ಪಾ. ಸಾಬ್ರು ಬಲದ ಬೆಳಕಿಗೆ ನೆರಳು ಇಟ್ಟವ್ರೆ."