ಜೂನ್ ಮೂವತ್ತೊಂದರ ಪ್ರೂಫ್

ನಮ್ಮ ಪತ್ರಿಕೆಯ ಎರಡನೆಯ ಪುಟದ ಎಡಮೂಲೆಯಲ್ಲಿ, ಹವಾಮಾನದ ಮೇಲೆ, ಪದಬಂಧದ ಪಕ್ಕದಲ್ಲಿ, ಅಂಗೈಯಗಲದ ಜಾಗವೊಂದಿದೆ. ಇಪ್ಪತ್ತೊಂಬತ್ತು ವರ್ಷ, ಒಂದು ದಿನವೂ ತಪ್ಪದೆ, ಜಗತ್ತಿನ ಹಳೆಯ ದಿನವೊಂದನ್ನು ಎಬ್ಬಿಸಿ ತಂದು ಆ ಜಾಗದಲ್ಲಿ ಕೂರಿಸಿದವರು, ಓದುಗರೆಲ್ಲ 'ಇದೇ ದಿನ' ಅಂಕಣದ ಹೆಸರಿನಲ್ಲಿಯೂ ಕಚೇರಿಯವರೆಲ್ಲ 'ತಾರೀಖಮ್ಮ' ಎಂಬ ಅಡ್ಡಹೆಸರಿನಲ್ಲಿಯೂ ಬಲ್ಲ ನಮ್ಮ ಸಹೋದ್ಯೋಗಿ. ಯಾವ ಯುದ್ಧ ಯಾವ ದಿನ ಮುಗಿಯಿತು, ಯಾವ ಸೇತುವೆ ಯಾವ ದಿನ ಕುಸಿಯಿತು, ಯಾವ ಮದ್ದು ಯಾವ ದಿನ ಮೊದಲ ಸಲ ಮನುಷ್ಯನ ಮೈಗೆ ಹೋಯಿತು ಎಂಬುದನ್ನೆಲ್ಲ ಇವರಷ್ಟು ಶ್ರದ್ಧೆಯಿಂದ ಕಲೆಹಾಕಿದವರನ್ನು ನಾನು ಕಂಡಿಲ್ಲ. ಈ ಜೂನ್ ಮೂವತ್ತರಂದು ಅವರು ನಿವೃತ್ತರಾಗುತ್ತಾರೆ.

ಇದು ಅವರ ಅಭಿನಂದನ ಗ್ರಂಥದ ಸಂಪಾದಕರಿಗೆ ಬೇಕಾಗಿದ್ದ ಮಾತು. ಕೊಟ್ಟಾಯಿತು. ಇನ್ನು ನನಗೆ ಬೇಕಾದದ್ದನ್ನು ಹೇಳುತ್ತೇನೆ. ಕಣ್ಣು ಮಂಜಾಗಿರುವುದರಿಂದ ಫೋನಿಗೆ ಹೇಳುತ್ತಿದ್ದೇನೆ, ಸೊಸೆ ಕೇಳಿಕೊಂಡು ಬರೆಯುತ್ತಾಳೆ. ಒರಟಾದದ್ದನ್ನು ನಯ ಮಾಡಬೇಡ ಎಂದು ಅವಳಿಗೆ ಹೇಳಿದ್ದೇನೆ.

ಆ ಅಂಗೈಯಗಲದ ಜಾಗ ಮೊದಲು ನನ್ನದಾಗಿತ್ತು. ಅಂಕಣ ಹುಟ್ಟಿಸಿದವನು ನಾನು, ಹೆಸರಿಟ್ಟವನು ನಾನು, ಒಂದು ವರ್ಷ ಎರಡು ತಿಂಗಳು ಅದನ್ನು ಸಾಕಿದವನೂ ನಾನು. ಆಮೇಲೆ ಅದು ಇವರ ಕೈಗೆ ಹೋಯಿತು. ಅಂದಿನಿಂದ ಇಂದಿನವರೆಗೆ ಪ್ರತಿದಿನ ಬೆಳಿಗ್ಗೆ ಪತ್ರಿಕೆಯ ಎರಡನೆಯ ಪುಟ ತೆರೆದಾಗ ನನ್ನ ಹೊಟ್ಟೆಯಲ್ಲಿ ಒಂದು ಕಿಡಿ ಬಿದ್ದಿದೆ. ವಯಸ್ಸಾದ ಮೇಲೆ ಆರುತ್ತದೆ ಎಂದುಕೊಂಡಿದ್ದೆ. ಹಲ್ಲು ಹೋಯಿತು, ಕೂದಲು ಹೋಯಿತು, ಅದೊಂದು ಮಾತ್ರ ಗಟ್ಟಿಯಾಗಿ ಉಳಿಯಿತು.

ಕೈಬದಲಾದದ್ದು ಹೇಗೆ ಎಂಬುದನ್ನು ಕಚೇರಿಯ ಹಳಬರು ತಮಗೆ ತೋಚಿದಂತೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ. ನಡೆದದ್ದು ಇಷ್ಟು. ನಾನು ತಿಂಗಳಿಗೊಮ್ಮೆ, ದಿನಕ್ಕೊಂದರಂತೆ ಚೀಟಿ ಬರೆದು, ಕಟ್ಟು ಕಟ್ಟಿ ಕಂಪೋಸಿಂಗಿಗೆ ಕೊಡುತ್ತಿದ್ದೆ. ಚೀಟಿಯ ಮೇಲೆ ಇಸವಿ ಇರುತ್ತಿತ್ತು, ತಾರೀಖು ಇರುತ್ತಿರಲಿಲ್ಲ. ಮೇಲಿನದು ಒಂದನೇ ತಾರೀಖಿನದು, ಕೆಳಗಿನದು ಕೊನೆಯ ದಿನದ್ದು, ಇದರಲ್ಲಿ ಬರೆಯುವುದೇನಿದೆ ಎಂಬ ಜಂಬ. ಆ ಜೂನಿನಲ್ಲಿ ಹನ್ನೊಂದನೇ ತಾರೀಖಿಗೆ ನನಗೆ ಎರಡು ಘಟನೆ ಸಿಕ್ಕಿದ್ದವು. ಒಂದು, ನಾವಿಕನೊಬ್ಬನ ಹಡಗು ಹವಳದ ದಿಬ್ಬಕ್ಕೆ ಬಡಿದದ್ದು. ಇನ್ನೊಂದು, ಆರು ಮದುವೆಯಾದ ಅರಸನೊಬ್ಬನ ಮೊದಲನೆಯ ಮದುವೆ. ಎರಡೂ ಅಪಘಾತಗಳೇ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಯೋಚಿಸುತ್ತ ಎರಡನ್ನೂ ಕಟ್ಟಿನೊಳಗೆ ಬಿಟ್ಟುಬಿಟ್ಟೆ. ಮೂವತ್ತು ದಿನದ ತಿಂಗಳಿಗೆ ಮೂವತ್ತೊಂದು ಚೀಟಿ ಹೋಯಿತು. ಹನ್ನೆರಡರಿಂದ ಮುಂದೆ ಜಗತ್ತಿನ ಇತಿಹಾಸವೆಲ್ಲ ಒಂದು ದಿನ ತಡವಾಗಿ ನಡೆಯತೊಡಗಿತು.

ಮೂವತ್ತನೇ ತಾರೀಖು ಮಧ್ಯಾಹ್ನ ಕಂಪೋಸಿಂಗಿನವನು ನನ್ನ ಮೇಜಿನ ಹತ್ತಿರ ಬಂದ.

"ಸರ್, ಜುಲೈ ಕಟ್ಟು ಇನ್ನೂ ಬಂದಿಲ್ಲ. ಜೂನ್ದು ಒಂದು ಉಳ್ಕೊಂಡಿದೆ, ಏನ್ ಮಾಡ್ಲಿ?"

"ಉಳಿದಿದ್ರೆ ಅದನ್ನೇ ಹಾಕಪ್ಪ. ಕೇಳೋದೇನಿದೆ?"

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಹಾಗಾಯಿತು. ಮಾರನೆಯ ದಿನ, ಜುಲೈ ಒಂದರ ಪತ್ರಿಕೆಯಲ್ಲಿ, ದಪ್ಪ ಅಕ್ಷರದಲ್ಲಿ 'ಇದೇ ದಿನ: ಜೂನ್ ೩೧' ಎಂದು ಬಂತು. ಕೆಳಗೆ, ಸೈಬೀರಿಯಾದ ಕಾಡಿನ ಮೇಲೆ ಆಕಾಶದಲ್ಲಿ ಏನೋ ಸಿಡಿದು ಕೋಟಿಗಟ್ಟಲೆ ಮರ ನೆಲಕ್ಕೊರಗಿದ ಸುದ್ದಿ. ಅದು ನಡೆದದ್ದು ಜೂನ್ ಮೂವತ್ತರಂದು.

ಬೆಳಿಗ್ಗೆಯಿಂದ ಫೋನು. ಒಬ್ಬ ಓದುಗ ಕೇಳಿದ: "ಸ್ವಾಮಿ, ಮೂವತ್ತೊಂದು ಯಾವಾಗ ಬಂದು ಹೋಯ್ತು? ನಾನು ಸ್ವಲ್ಪ ಮಲಗಿಬಿಟ್ಟಿದ್ದೆ." ಪತ್ರಿಕೆಯ ಸಂಪಾದಕರು ಕೋಣೆಗೆ ಕರೆದು, ಎರಡನೆಯ ಪುಟವನ್ನು ನನ್ನ ಮುಂದೆ ಹರಡಿ, "ಬ್ರಹ್ಮನ ಕೈಲಿ ಆಗದ್ದನ್ನ ಮಾಡಿದೀರಿ. ಒಂದು ದಿನಾನೇ ಹೆತ್ತುಬಿಟ್ರಲ್ಲ" ಎಂದರು. ಆ ಸಂಜೆಯೇ ನನ್ನನ್ನು ಹವಾಮಾನದ ವಿಭಾಗಕ್ಕೆ ಹಾಕಿದರು. ಅಲ್ಲಿ ಎಷ್ಟು ತಪ್ಪಿದರೂ ಯಾರೂ ಕೇಳುವುದಿಲ್ಲ ಎಂಬುದು ಅವರ ಲೆಕ್ಕ. ಅಂಕಣವನ್ನು, ಆಗ ಪ್ರೂಫ್ ನೋಡುತ್ತಿದ್ದ, ಮೂವತ್ತೊಂದು ವರ್ಷ ವಯಸ್ಸಿನ ಇವರಿಗೆ ಕೊಟ್ಟರು. ವಯಸ್ಸೂ ಮೂವತ್ತೊಂದೇ! ಗಾಯದ ಮೇಲೆ ಬರೆ.

ನನ್ನ ಕಿಚ್ಚಿಗೆ ಕಾರಣ ಕೆಲಸ ಹೋದದ್ದಷ್ಟೇ ಅಲ್ಲ. ಆ ಪುಟದ ಪ್ರೂಫನ್ನು ನಾನು ಕಸದ ಕಟ್ಟಿನಿಂದ ಹುಡುಕಿ ತೆಗೆದೆ. ಜೂನ್ ೩೧ ಎಂಬುದರ ಪಕ್ಕದಲ್ಲೇ, ಮೂಲೆಯಲ್ಲಿ, ಕೆಂಪು ಶಾಯಿಯಲ್ಲಿ 'ಸರಿಯಿದೆ' ಎಂಬ ಗುರುತು, ಕೆಳಗೆ ಇವರ ಸಹಿ. ಜಾಹೀರಾತಿನ ಪುಟದಲ್ಲಿ ಒಂದು ಚುಕ್ಕೆ ಬಿದ್ದರೂ ಓಡಿಬರುತ್ತಿದ್ದ ಇವರು, ಇಲ್ಲದ ದಿನವೊಂದನ್ನು ಕಾಣದೆ ಬಿಟ್ಟರೇ? ಕಂಡೂ ಬಿಟ್ಟರೇ? ಆ ಕಾಗದವನ್ನು ಮಡಚಿ ಬೀರುವಿನಲ್ಲಿ ಇಟ್ಟೆ. ಪ್ರಶ್ನೆಯನ್ನು ಎಂದೂ ಕೇಳಲಿಲ್ಲ. ಕೇಳಿದರೆ 'ಗೊತ್ತಾಗಲಿಲ್ಲ ಸರ್' ಎಂದುಬಿಟ್ಟರೆ, ಕಿಚ್ಚಿಗೆ ಸೌದೆ ಎಲ್ಲಿಂದ ತರಲಿ?

ಇವರು ಅಂಕಣ ವಹಿಸಿಕೊಂಡು ಮಾಡಿದ ಮೊದಲ ಕೆಲಸ, ನನ್ನ ಹಳೆಯ ಚೀಟಿಗಳನ್ನೆಲ್ಲ ತರಿಸಿ ಪರೀಕ್ಷಿಸಿದ್ದು. ಬೀದಿಯಾಚೆಯ ಚಪ್ಪಲಿ ಅಂಗಡಿಯಿಂದ ಹನ್ನೆರಡು ಖಾಲಿ ರಟ್ಟಿನ ಪೆಟ್ಟಿಗೆ ತಂದು, ತಿಂಗಳಿಗೊಂದರಂತೆ ಸಾಲಾಗಿ ಜೋಡಿಸಿ, ಪ್ರತಿ ದಿನಕ್ಕೂ ಗಟ್ಟಿ ಕಾಗದದ ಚೀಟಿ ಮಾಡಿದರು. ಮೊದಲ ಸಾಲಿನಲ್ಲೇ ತಾರೀಖು. ಹಿಂಬದಿಯಲ್ಲಿ, ಆ ಘಟನೆ ಆ ದಿನವೇ ನಡೆಯಿತು ಎಂದು ಹೇಳುವ ಎರಡು ಪುಸ್ತಕಗಳ ಹೆಸರು. ಅದನ್ನು ಅವರು 'ಸಾಕ್ಷಿ' ಎನ್ನುತ್ತಿದ್ದರು. ಒಂದೇ ಸಾಕ್ಷಿ ಇದ್ದರೆ ಘಟನೆ ಹೊರಗೆ. ಗುಡುಗಿನಲ್ಲಿ ಗಾಳಿಪಟ ಹಾರಿಸಿದ ವಿಜ್ಞಾನಿಯ ಪ್ರಯೋಗ ನನಗೆ ಬಹಳ ಪ್ರಿಯವಾದದ್ದು, ಜೂನ್ ಹತ್ತಕ್ಕೆ ಇಟ್ಟಿದ್ದೆ. ಅದನ್ನೂ ತೆಗೆದರು.

"ಒಂದು ಪುಸ್ತಕ ಹತ್ತು ಅನ್ನುತ್ತೆ, ಇನ್ನೊಂದು ಹದಿನೈದು ಅನ್ನುತ್ತೆ ಸರ್" ಎಂದರು.

"ಗಾಳಿಪಟ ಹಾರಿದ್ದಂತೂ ನಿಜ ತಾನೇ?"

"ಹಾರಿರಬಹುದು. ಆದ್ರೆ ದಿನ ಗೊತ್ತಿಲ್ದೆ ನನ್ನ ಪೆಟ್ಟಿಗೇಲಿ ಎಲ್ಲಿ ಇಳಿಸ್ಲಿ?"

ಅಕ್ಟೋಬರ್ ಕ್ರಾಂತಿ ಎಂದು ಹೆಸರಾದದ್ದು ಈಗಿನ ಲೆಕ್ಕದಲ್ಲಿ ನವೆಂಬರಿನಲ್ಲಿ ನಡೆದದ್ದೇಕೆ ಎಂದು ಇವರು ನಾಲ್ಕೇ ಸಾಲಿನಲ್ಲಿ ತಿಳಿಸಿದ ದಿನ, ನಮ್ಮ ಮನೆಯಲ್ಲಿ ನನ್ನ ಹೆಂಡತಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದಳು. ನನ್ನ ಹವಾಮಾನವನ್ನು ಅವಳು ಒಂದು ದಿನವೂ ಓದಲಿಲ್ಲ, ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಕೇಳಿದ್ದಕ್ಕೆ, "ಅವ್ರಿಗೆ ವರ್ಷದ ಅಷ್ಟೂ ದಿನ ಬಾಯಲ್ಲೇ ಇದೆ. ನಿಮಗೆ ನಮ್ಮ ಮದ್ವೆ ಆದ ದಿನ ಒಂದು ನೆನಪಿದ್ರೆ ಹೇಳಿ ನೋಡೋಣ" ಎಂದಳು. ನಾನು ಚಹಾ ಕುಡಿದೆ.

ಇವರ ಉಪಕಾರಗಳನ್ನೂ ಹೇಳಬೇಕು, ಹೇಳದಿದ್ದರೆ ನಾಲಿಗೆ ಒಪ್ಪುವುದಿಲ್ಲ. ಕಣ್ಣು ಕಳೆದುಕೊಂಡ ಒಬ್ಬ ನಿವೃತ್ತ ಮೇಷ್ಟ್ರು ಪ್ರತಿದಿನ ಬೆಳಿಗ್ಗೆ ಹತ್ತೂವರೆಗೆ ಕಚೇರಿಗೆ ಫೋನ್ ಮಾಡುತ್ತಿದ್ದರು. ಇವರು ಅಂದಿನ ಅಂಕಣವನ್ನು ನಿಧಾನವಾಗಿ ಓದಿ ಹೇಳುತ್ತಿದ್ದರು, ಹನ್ನೊಂದು ವರ್ಷ, ಮೇಷ್ಟ್ರು ಇರುವವರೆಗೂ. ಕಚೇರಿಯಲ್ಲಿ ಯಾರದೇ ಹುಟ್ಟುಹಬ್ಬ ಬಂದರೂ ಮೇಜಿನ ಮೇಲೆ ಒಂದು ಚೀಟಿ ಇರುತ್ತಿತ್ತು: ನೀವು ಹುಟ್ಟಿದ ದಿನ ಹಿಂದೆ ಜಗತ್ತಿನಲ್ಲಿ ಆದದ್ದು ಇದು. ಹುಡುಕಿ ಹುಡುಕಿ ಒಳ್ಳೆಯದನ್ನೇ ಕೊಡುತ್ತಿದ್ದರು. ಕಸ ಗುಡಿಸುವಾಕೆಯ ದಿನದಂದು ಯುದ್ಧವೊಂದು ನಿಂತಿತ್ತು. ಆಕೆ ಆ ಚೀಟಿಯನ್ನು ಕಟ್ಟು ಹಾಕಿಸಿ ಮನೆಯ ಗೋಡೆಗೆ ತೂಗುಹಾಕಿದ್ದಾಳೆ. ನನಗೂ ಪ್ರತಿವರ್ಷ ಬರುತ್ತಿತ್ತು. ಓದಿ, ಹರಿಯಬೇಕು ಎಂದುಕೊಂಡು, ಬೀರುವಿನಲ್ಲಿ ಆ ಪ್ರೂಫಿನ ಮೇಲೆಯೇ ಇಡುತ್ತಿದ್ದೆ.

ಒಂದು ವಿಷಯ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಪ್ರತಿವರ್ಷ ಜೂನ್ ಮೂವತ್ತರ ಅಂಕಣವನ್ನು ನಾನು ಕಾದು ನೋಡುತ್ತಿದ್ದೆ. ಒಂದು ವರ್ಷ ಜಲಪಾತದ ಮೇಲೆ ಹಗ್ಗ ಕಟ್ಟಿ ನಡೆದವನು ಬಂದ. ಇನ್ನೊಂದು ವರ್ಷ, ತುರ್ತು ಕರೆಗೆಂದು ಮೂರಂಕಿಯ ದೂರವಾಣಿ ಸಂಖ್ಯೆ ಮೊದಲು ಬಂದ ಸುದ್ದಿ. ಸೈಬೀರಿಯಾದ ಕಾಡು ಮಾತ್ರ ಬರಲೇ ಇಲ್ಲ. ಆ ದಿನದ ದೊಡ್ಡ ಘಟನೆಯೇ ಅದು. ಇಷ್ಟು ವರ್ಷ ಅದನ್ನು ಬಿಟ್ಟರೆಂದರೆ ನನ್ನನ್ನು ಅಣಕಿಸುವುದಕ್ಕೇ ಸರಿ ಎಂದುಕೊಂಡಿದ್ದೆ.

ಗ್ರಂಥದ ಸಂಪಾದಕರು "ಸರ್, ನೀವು ನಾಲ್ಕು ಒಳ್ಳೆ ಮಾತು ಬರೀಬೇಕು" ಎಂದು ಫೋನ್ ಮಾಡಿದಾಗ, ಉತ್ತರ ಸಿಗದೆ ಬರೆಯುವುದಿಲ್ಲ ಎಂದು ನಿಶ್ಚಯಿಸಿದೆ. ಕಳೆದ ವಾರ, ಮಧ್ಯಾಹ್ನದ ಊಟ ಮುಗಿಸಿ, ಪ್ರೂಫನ್ನು ಜೇಬಿನಲ್ಲಿಟ್ಟುಕೊಂಡು ಕಚೇರಿಗೆ ಹೋದೆ. ಇವರು ನೆಲದ ಮೇಲೆ ಕೂತು ಪೆಟ್ಟಿಗೆಗಳಿಗೆ ದಾರ ಕಟ್ಟುತ್ತಿದ್ದರು. ಕಾಗದವನ್ನು ಬಿಚ್ಚಿ ಅವರ ಮುಂದೆ ಇಟ್ಟೆ. ಕನ್ನಡಕ ಮೇಲೇರಿಸಿ ನೋಡಿದರು.

"ಇನ್ನೂ ಇಟ್ಕೊಂಡಿದೀರಾ ಸರ್?"

"ಒಂದೇ ಮಾತು ಹೇಳಮ್ಮ. ಅವತ್ತು ನೀನಿದನ್ನ ನೋಡಿದ್ಯಾ, ಇಲ್ವಾ?"

"ನೋಡಿದ್ದೆ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಇಪ್ಪತ್ತೊಂಬತ್ತು ವರ್ಷ ಕಾದ ಉತ್ತರ ಇಷ್ಟು ಚಿಕ್ಕದಾಗಿರುತ್ತದೆ ಎಂದು ಗೊತ್ತಿರಲಿಲ್ಲ.

"ಹಾಗಾದ್ರೆ ಒಂದು ಮಾತು ಬಂದು ಹೇಳ್ಬಾರ್ದಿತ್ತಾ?"

"ಬಂದಿದ್ದೆ ಸರ್. ಹದಿನಾರನೇ ತಾರೀಖು. ಹೆಣ್ಣೊಬ್ಳು ಮೊದಲ್ನೇ ಸಲ ಬಾಹ್ಯಾಕಾಶಕ್ಕೆ ಹೋಗಿದ್ದನ್ನ ನೀವು ಹದಿನೇಳಕ್ಕೆ ಹಾಕಿದ್ರಿ. ಅದು ಹದಿನಾರು, ನನ್ನ ಹುಟ್ಟಿದ ದಿನ, ನನಗೆ ಹೇಗೆ ತಪ್ಪುತ್ತೆ? ಪ್ರೂಫ್ ಹಿಡ್ಕೊಂಡು ನಿಮ್ಮ ಮೇಜಿನ ಹತ್ರ ನಿಂತೆ. ನೀವು ತಲೆ ಎತ್ತಲಿಲ್ಲ. 'ಅಕ್ಷರ ನೋಡಮ್ಮ, ಇತಿಹಾಸ ನಾನು ನೋಡ್ಕೋತೀನಿ' ಅಂದ್ರಿ. ಸುತ್ತ ನಾಲ್ಕು ಜನ ನಕ್ಕರು."

ನನಗೆ ಅದು ನೆನಪೇ ಇರಲಿಲ್ಲ. ಅವರು ಹೇಳಿದ ಮೇಲೆ, ನಕ್ಕವರ ಮುಖ ಒಂದೊಂದಾಗಿ ನೆನಪಾಯಿತು. ನಗಿಸಿದ್ದಕ್ಕೆ ನಾನು ಹಿಗ್ಗಿದ್ದೂ ನೆನಪಾಯಿತು.

"ಅದಕ್ಕೇ, ಮೂವತ್ತೊಂದು ಬಂದಾಗ ಅಕ್ಷರ ಮಾತ್ರ ನೋಡಿದೆ" ಎಂದರು. "ಅಕ್ಷರ ಒಂದೂ ತಪ್ಪಿರಲಿಲ್ಲ."

ಪ್ರೂಫನ್ನು ಹಳೆಯ ಗೆರೆಯಲ್ಲೇ ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಅವರೇ ಹೇಳಿದರು: "ಸುಳ್ಳು ಹೇಳಲ್ಲ ಸರ್. ಆ ಜಾಗ ನನಗೆ ಬೇಕಿತ್ತು. ಪ್ರೂಫ್ ಮೇಜಿನಿಂದ ದಿನಾ ನೋಡಿ ಹೊಟ್ಟೆ ಉರ್ಕೋತಿದ್ದೆ, ಇಷ್ಟು ಚೆನ್ನಾಗಿರೋದನ್ನ ಈ ಮನುಷ್ಯ ಇಷ್ಟು ಗಡಿಬಿಡೀಲಿ ಮಾಡ್ತಾನಲ್ಲ ಅಂತ. ಮಾರನೇ ದಿನ ಸಂಪಾದಕರ ಕೋಣೆಯಿಂದ ನೀವು ಹೊರಗೆ ಬಂದಾಗ ನಿಮ್ಮ ಮುಖ ನೋಡಿದೆ. ಉರಿ ಅಲ್ಲಿಗೇ ಆರಿಹೋಯ್ತು. ಅಂಕಣ ಕೊಟ್ಟಾಗ ಬೇಡ ಅನ್ನೋಷ್ಟು ಒಳ್ಳೆಯವಳಂತೂ ಆಗ್ಲಿಲ್ಲ."

ಜೂನ್ ಪೆಟ್ಟಿಗೆಯ ದಾರ ಬಿಚ್ಚಿ ಕೊನೆಯ ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು. ಮೇಲೆ ಜೂನ್ ೩೦ ಎಂಬ ತಾರೀಖು, ಹಿಂಬದಿಯಲ್ಲಿ ಸೈಬೀರಿಯಾದ ಸ್ಫೋಟಕ್ಕೆ ಎರಡು ಸಾಕ್ಷಿ. ನಡುವೆ ಏನೂ ಬರೆದಿರಲಿಲ್ಲ.

"ಪ್ರತಿ ವರ್ಷ ಬರೆಯೋಕೆ ಕೂತೆ. ಕೈ ಹೋಗ್ಲಿಲ್ಲ. ನನ್ನ ಕೊನೇ ದಿನದ್ದನ್ನ ನೀವೇ ಬರೀರಿ ಸರ್. ಅಂದ್ಹಾಗೆ, ಆ ದೇಶದ ಆಗಿನ ಕ್ಯಾಲೆಂಡರಿನಲ್ಲಿ ಅದು ಜೂನ್ ಹದಿನೇಳು. ತಾರೀಖು ಬೇರೆ ಆಗೋದು ನಿಮ್ಮೊಬ್ರಿಗೇ ಅಲ್ಲ."

ಕಲಿಸುವುದನ್ನು ಬಿಡಲಿಲ್ಲ ನೋಡಿ! ಎದ್ದು ಹೊರಡುವಾಗ ಕೇಳಿದೆ: "ಇದನ್ನೆಲ್ಲ ನಿನ್ನ ಅಭಿನಂದನ ಗ್ರಂಥದಲ್ಲಿ ಬರೀತೀನಿ, ಪರವಾಗಿಲ್ವಾ?"

ಪೆಟ್ಟಿಗೆಗೆ ಮತ್ತೆ ದಾರ ಕಟ್ಟುತ್ತ ಹೇಳಿದರು: "ಬರೀರಿ ಸರ್. ಈಗ ಇದಕ್ಕೆ ಎರಡು ಸಾಕ್ಷಿ ಇದೆ."

ಕಿಚ್ಚು ಆರಿತೇ ಎಂದು ಸೊಸೆ ಕೇಳುತ್ತಿದ್ದಾಳೆ. ಇಲ್ಲ. ಹೆಚ್ಚಿದೆ. ಹೊಟ್ಟೆಕಿಚ್ಚು ಪಡುವುದರಲ್ಲೂ ಅವರೇ ನನಗಿಂತ ಅಚ್ಚುಕಟ್ಟು. ಅವರದು ನನ್ನ ಮುಖ ನೋಡಿದ ಕ್ಷಣವೇ ಮುಗಿಯಿತು, ನಾನು ಇಪ್ಪತ್ತೊಂಬತ್ತು ವರ್ಷ ಎಳೆದೆ. ಎಲ್ಲರೆದುರು ನಗೆಪಾಟಲು ಮಾಡಿದ್ದಕ್ಕೆ ಅವರ ಕ್ಷಮೆಯನ್ನು ಅಂದು ಕೇಳಲಿಲ್ಲ, ಬಾಯಿ ಬರಲಿಲ್ಲ. ನಾಲ್ಕು ಜನರ ಮುಂದೆ ಆಡಿದ ಮಾತಿಗೆ ನಾಲ್ಕು ಸಾವಿರ ಜನರ ಮುಂದೆ, ಅಚ್ಚಿನಲ್ಲಿ, ಈಗ ಕೇಳುತ್ತಿದ್ದೇನೆ.

ತಾರೀಖಮ್ಮ ನೂರು ವರ್ಷ ಬಾಳಲಿ, ಅದಕ್ಕೆ ಸೇರಬೇಕಾದ ಫೆಬ್ರವರಿ ಇಪ್ಪತ್ತೊಂಬತ್ತುಗಳೆಲ್ಲ ಸೇರಿಯೇ ಬಾಳಲಿ. ಆ ಹನ್ನೆರಡು ಪೆಟ್ಟಿಗೆಗಳನ್ನು ಮನೆಗೆ ಒಯ್ದು, ಸಾಕ್ಷಿ ಸಿಗದೆ ಹೊರಗುಳಿದ ಘಟನೆಗಳಿಗೆಲ್ಲ ಸಾಕ್ಷಿ ಹುಡುಕಲಿ. ನನ್ನ ಗಾಳಿಪಟ ಇನ್ನೂ ಇಳಿಯಲು ಜಾಗ ಸಿಗದೆ ಹಾರುತ್ತಲೇ ಇದೆ.

ಸೈಬೀರಿಯಾದ ಕಾಡಿನ ಮೇಲಿನ ನಾಲ್ಕು ಸಾಲು ನಿನ್ನೆ ಬರೆಸಿ ಕಳುಹಿಸಿದೆ. ಕಳುಹಿಸುವ ಮೊದಲು ಮುಷ್ಟಿ ಕಟ್ಟಿ, ಬೆರಳ ಗಣ್ಣು ಮುಟ್ಟಿ ಮುಟ್ಟಿ, ಜನವರಿಯಿಂದ ಎರಡು ಸಲ ಎಣಿಸಿದೆ. ಜೂನ್ ಎರಡು ಸಲವೂ ತಗ್ಗಿಗೇ ಬಂತು. ಮೂವತ್ತೇ ದಿನ. ಇಂದು ಬೆಳಿಗ್ಗೆ ಪ್ರೂಫ್ ಬಂದಿದೆ. ಸೊಸೆ ಓದಿ ಹೇಳಿದಳು: ತಾರೀಖಿನ ಪಕ್ಕದಲ್ಲೇ, ಮೂಲೆಯಲ್ಲಿ, ಕೆಂಪು ಶಾಯಿಯಲ್ಲಿ, ತಾರೀಖಮ್ಮನ ಸಹಿಯ ಮೇಲೆ, 'ಸರಿಯಿದೆ.'