ವಾರಗಿತ್ತಿಯ ಪಾಲಿನ ಇಳಿಜಾರು

ಆನಗೋಡಿನ ಗುಡ್ಡದ ಮಗ್ಗುಲಲ್ಲಿ ನಮ್ಮ ಮಾವನವರ ಜಮೀನಿದೆ. ಪಾಲಾದಾಗ ಮೇಲಿನ ಅರ್ಧ ನಮಗೆ ಬಂತು, ಕೆಳಗಿನದು ಮೈದುನನಿಗೆ. ಮೈದುನನ ಹೆಂಡತಿ, ನನ್ನ ವಾರಗಿತ್ತಿ, ಹರಿಹರದಲ್ಲಿರುತ್ತಾಳೆ. ನಾನು ವಿನೋಬನಗರದಿಂದ ಪ್ರತಿ ಬೇಸಿಗೆ ಬಸ್ಸು ಹತ್ತಿ ಹೋಗಿ, ಆಳುಗಳ ಜೊತೆ ನಾನೂ ಕುಡುಗೋಲು ಹಿಡಿದು ಲಂಟಾನ, ಬಳ್ಳಾರಿ ಜಾಲಿ ಕಡಿದು ಸುಡಿಸುತ್ತಿದ್ದೆ. ಅಂಗೈಯ ಮುಳ್ಳಿನ ಗುರುತುಗಳನ್ನು ಕೇಳಿದವರಿಗೆಲ್ಲ ತೋರಿಸಿದ್ದೇನೆ, ಕೇಳದವರಿಗೂ. ಅವಳ ಪಾಲಿನಲ್ಲಾದರೋ ಹಂದಿ ನುಗ್ಗಲೂ ಸಂದಿಯಿರಲಿಲ್ಲ. ಆ ಪೊದೆ ಕಂಡಾಗಲೆಲ್ಲ ನನಗೆ ಒಳಗೊಳಗೇ ಹಿತವಾಗುತ್ತಿತ್ತು. ಭೂಮಿ ಉಳಿಸಿದವಳು ಹಿರಿಸೊಸೆ ಎಂದು ನೆಂಟರು ಹೇಳುತ್ತಿದ್ದುದು ಅದರಿಂದಲೇ.

ಈ ಬೇಸಿಗೆ ಅವಳು ಮಷೀನು ತರಿಸಿದಳು. ಚೈನಿನ ಮೇಲೆ ತೆವಳುವ ಗಾಡಿ, ಮುಂದೆ ಕಬ್ಬಿಣದ ಹಲ್ಲುಗಳ ಉರುಳೆ. ದಿಬ್ಬ, ಕೊರಕಲು ಎನ್ನದೆ ಏರಿ, ಜಾಲಿಯನ್ನು ನಿಂತಲ್ಲೇ ಅರೆದು ಉಗುಳುತ್ತಿತ್ತು. ನಾನು ವರ್ಷಗಟ್ಟಲೆ ಬೆವರು ಸುರಿಸಿ ಮಾಡಿದ್ದು ಅವಳಿಗೆ ಸಂಜೆಯೊಳಗೆ ಆಗಿಹೋಯಿತು. ಅವಳು ಇಸ್ತ್ರಿ ಮಾಡಿದ ಸೀರೆಯುಟ್ಟು ಛತ್ರಿ ಹಿಡಿದು ನಿಂತಿದ್ದಳು. ಮಷೀನು ಕೆಟ್ಟು ನಿಲ್ಲಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅದು ಒಮ್ಮೆ ಕೆಮ್ಮಲೂ ಇಲ್ಲ.

ಕೆಲಸ ಮುಗಿದಾಗ ನೆಲದ ತುಂಬ ಚೂರು, ಸಿಪ್ಪೆ. ಅಲ್ಲಿ ನನಗೆ ಸ್ವಲ್ಪ ಜೀವ ಬಂತು.

“ಇದನ್ನೆಲ್ಲ ಬಳಿದು ಸುಡಲ್ವೇನೆ?” ಎಂದೆ.

“ಸುಡಬ್ಯಾಡ್ರಿ, ಹಂಗೇ ಬಿದ್ದಿರ್ಲಿ ಅಂದ್ರು ಅಕ್ಕಾ, ಮಷೀನಿನೋರು.”

ಸೋಮಾರಿಗೆ ಹೇಳಿಮಾಡಿಸಿದ ಮಾತು ಎಂದುಕೊಂಡೆ. ನಮ್ಮಲ್ಲಿ ಹೊಲ ಹಸನು ಮಾಡುವುದೆಂದರೆ ಒಂದು ಕಡ್ಡಿಯೂ ಉಳಿಯಬಾರದು. ಆ ವಾರವೇ ನನ್ನ ಪಾಲನ್ನು ಇನ್ನೊಮ್ಮೆ ಕೆರೆಸಿ, ಕಸ ಸುಡಿಸಿ, ಅಂಗಳದಂತೆ ಮಾಡಿಸಿದೆ. ಮೊದಲ ಮಳೆಯ ಹದಕ್ಕೆ ಸೀತಾಫಲದ ಸಸಿ ನೆಡಿಸಿದೆ. ಅವಳೂ ಸೀತಾಫಲವನ್ನೇ ನೆಟ್ಟಳು. ಬೇರೆ ಗಿಡವೇ ಸಿಗಲಿಲ್ಲವೇನೋ! ಯಾರದು ಮೊದಲು ಚಿಗುರುತ್ತದೆ ಎಂಬುದೇ ನನ್ನ ಚಿಂತೆಯಾಯಿತು.

ಆಮೇಲೆ ಜೋರು ಮಳೆ ಹಿಡಿಯಿತು. ಬಿಟ್ಟ ಮೇಲೆ ಹೋಗಿ ನೋಡಿದರೆ ನನ್ನ ಪಾಲಿನಲ್ಲಿ ಮಣ್ಣು ಕೊಚ್ಚಿಹೋಗಿ ಬರೀ ಗರಸುಕಲ್ಲು. ಸಸಿಗಳು ಬೇರು ಬಯಲಾಗಿ ಮಲಗಿದ್ದವು. ಕೆಳಗೆ ಅವಳ ಸಿಪ್ಪೆಯ ನಡುವೆ ನನ್ನ ಕೆಂಪು ಮಣ್ಣು ದಪ್ಪಗೆ ಕೂತಿತ್ತು, ಅವಳ ಗಿಡಗಳು ಚಿಗುರಿ ನಿಂತಿದ್ದವು. ಕೊನೆಗೆ ನನ್ನ ಮಣ್ಣೂ ಅವಳ ಕಡೆಗೇ ಹೋಯಿತಲ್ಲ ಎಂದು ಅಳು ಬಂತು. ದುಃಖಕ್ಕಲ್ಲ, ಸಿಟ್ಟಿಗೆ. ಅವಳೂ ಅಲ್ಲೇ ಇದ್ದಳು. ಮಣ್ಣು ನನ್ನದು ಎಂದು ಜಗಳ ತೆಗೆಯಲು ಸೆರಗು ಸಿಕ್ಕಿಸಿಕೊಂಡು ಇಳಿದೆ.

ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು: “ಅಕ್ಕಾ, ನಿಮ್ ಮಣ್ಣೆಲ್ಲ ಈ ಕಡೆ ಬಂದೈತ್ರಿ. ಬುಟ್ಟಿ ತಂದೀನಿ, ಹೊತ್ತು ಹಾಕೂಣ ಬರ್ರಿ. ಮ್ಯಾಲೆ ಒಂದಿಷ್ಟು ಸಿಪ್ಪೆ ಹರವಿದ್ರೆ ಮತ್ತೆ ಹೋಗಲ್ಲ.”

ಕೊಡುವುದಿಲ್ಲ ಎಂದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಜಗಳವಾಡಿ, ನೆಂಟರಿಗೆಲ್ಲ ಹೇಳಿಕೊಂಡು ತಿರುಗಬಹುದಿತ್ತು. ಮೊದಲ ಬುಟ್ಟಿಯನ್ನು ಅವಳೇ ತುಂಬಿದಳು. ನನ್ನ ತಲೆಯ ಮೇಲಿನ ಸಿಂಬಿ ಸರಿಮಾಡಿ ಬುಟ್ಟಿ ಹೊರಿಸಿದಳು. ನಾನು ಅವಳ ಮುಖ ನೋಡದೆ ಗುಡ್ಡ ಹತ್ತಿದೆ.